ಬ್ಯಾಬಿಲೋನಿನ ಪೂರ್ವದ ಬಾಗಿಲು

ನಮ್ಮ ತಂದೆ ಬ್ಯಾಬಿಲೋನನ್ನು ಕಣ್ಣಾರೆ ಕಂಡಿದ್ದರು. ಓಡುತ್ತಿದ್ದ ಮಿಲಿಟರಿ ಲಾರಿಯ ಹಿಂಭಾಗದಲ್ಲಿ, ಕಂಬಳಿ ಮೂಟೆಗಳ ನಡುವಿನಿಂದ ಕತ್ತು ಹೊರಚಾಚಿ ಕಂಡರು. ಲಾರಿ ನಿಲ್ಲಲಿಲ್ಲ. ಡ್ರೈವರು ಬೆರಳು ತೋರಿಸಿ "ಅದೇ" ಅಂದನಂತೆ, ಇವರು "ಯಾವುದು?" ಅನ್ನುವಷ್ಟರಲ್ಲಿ ಧೂಳು ಎದ್ದು ಮುಚ್ಚಿತಂತೆ. ಒಟ್ಟಿನಲ್ಲಿ ಕಂಡದ್ದು ಒಂದು ಮಣ್ಣಿನ ದಿಬ್ಬ. ಅಂಥ ದಿಬ್ಬಗಳು ಗುಂಡ್ಲುಪೇಟೆಯ ಸುತ್ತ ಬೇಕಾದಷ್ಟಿವೆ. ಅವುಗಳ ಮೇಲೆ ಆಡು ಮೇಯುತ್ತವೆ, ಅವುಗಳ ಮಾನ ಕಾಪಾಡಲು ಯಾರೂ ಗಂಟಲು ಹರಿದುಕೊಳ್ಳುವುದಿಲ್ಲ. ಆದರೆ ಸಮುದ್ರದಾಚೆಯ ದಿಬ್ಬದ ಘನತೆಯೇ ಬೇರೆ. ಎರಡನೆಯ ಮಹಾಯುದ್ಧ ಮುಗಿದು, ಇರಾಕಿನ ಬಸ್ರಾದ ಉಗ್ರಾಣದಲ್ಲಿ ಬೂಟು ಕಂಬಳಿ ನೋಡಿಕೊಳ್ಳುವ ಕೆಲಸದಿಂದ ಬಿಡುಗಡೆಯಾಗಿ ಊರಿಗೆ ಬಂದಾಗ ಅವರು ತಂದದ್ದು ಒಂದು ಟ್ರಂಕು, ಒಂದು ಕಂಬಳಿ ಮತ್ತು ಬ್ಯಾಬಿಲೋನ್ ಸಾಮ್ರಾಜ್ಯದ ಸಂಪೂರ್ಣ ವಕಾಲತ್ತು. ಕಂಬಳಿಗೆ ನುಸಿ ಹಿಡಿಯಿತು. ವಕಾಲತ್ತಿಗೆ ಹಿಡಿಯಲಿಲ್ಲ.

ಐವತ್ತರ ದಶಕದ ಗುಂಡ್ಲುಪೇಟೆಯಲ್ಲಿ ಮಧ್ಯಾಹ್ನದ ಹೊತ್ತು ಗಂಡಸರಿಗೆ ಕೆಲಸ ಇರಲಿಲ್ಲವೆಂದಲ್ಲ, ಮಾಡುವ ಮನಸ್ಸಿರಲಿಲ್ಲ. ದವಸದ ಮಂಡಿಯ ಕಟ್ಟೆಯ ಮೇಲೆ ಈರುಳ್ಳಿ ಮೂಟೆಗಳಿಗೆ ಒರಗಿಕೊಂಡು ಒಂದು ವಿದ್ವತ್ಸಭೆ ನೆರೆಯುತ್ತಿತ್ತು. ವಿಷಯ ಎಂದೂ ಒಂದೇ: ಪ್ರಾಚೀನ ನಾಗರಿಕತೆಗಳಲ್ಲಿ ಯಾವುದರ ಸೈನಿಕರು ಶ್ರೇಷ್ಠರು? ನಮ್ಮ ತಂದೆ ಬ್ಯಾಬಿಲೋನಿನ ಕಡೆ. ಈರುಳ್ಳಿ ವ್ಯಾಪಾರಿ ಈಜಿಪ್ಟಿನ ಕಡೆ, ಏಕೆಂದರೆ ಅಲ್ಲಿನವರು ಈರುಳ್ಳಿ ತಿಂದು ಪಿರಮಿಡ್ಡು ಕಟ್ಟಿದರೆಂದು ಯಾರೋ ಹೇಳಿದ್ದರು. ಮಂಡಿಯ ಸಾಹುಕಾರರು ಗ್ರೀಕರ ಕಡೆ. ಅವರ ತರ್ಕ ಇನ್ನೂ ಸೂಕ್ಷ್ಮ: ಗ್ರೀಕರು ನಮ್ಮ ದೇಶಕ್ಕೆ ಬಂದು ಹಿಂದಿರುಗಿದರು, ಅವರು ಕೈಲಾಗದವರೆಂದರೆ ಅವರನ್ನು ಹಿಂದಿರುಗಿಸಿದ ನಮ್ಮ ಕೀರ್ತಿಗೇ ಕುಂದು, ಆದ್ದರಿಂದ ಗ್ರೀಕರೇ ಶ್ರೇಷ್ಠರು. ಸಭೆ ಇತ್ಯರ್ಥವಾಗದಿದ್ದರೆ ದಾರಿಯಲ್ಲಿ ನಿಂತ ಲಾರಿಯ ಡ್ರೈವರನನ್ನು ಹಿಡಿದು ಕೇಳುತ್ತಿದ್ದರು. ವಯನಾಡಿನ ಒಬ್ಬ ಡ್ರೈವರ್ ಬಹಳ ಹೊತ್ತು ಕೇಳಿಸಿಕೊಂಡು, "ಸಾರೇ, ಲೋಡ್ ಇರಕ್ಕಣಂ" ಎಂದ. ಲೋಡು ಇಳಿಸಿ ಎಂದರ್ಥ. ನಮ್ಮ ತಂದೆ ಅದನ್ನು ಬ್ಯಾಬಿಲೋನಿನ ಪರ ಬಂದ ಮತವೆಂದು ಸೇರಿಸಿಕೊಂಡರು.

ಈ ಮಹಾರಥಿಗಳ ಶೌರ್ಯದ ಬಗ್ಗೆಯೂ ಒಂದು ಮಾತು ಹೇಳಬೇಕು. ಸಾಹುಕಾರರು ಜಿರಲೆ ಕಂಡರೆ ಗಲ್ಲಾಪೆಟ್ಟಿಗೆಯ ಮೇಲೆ ಕಾಲೆತ್ತಿ ಕೂರುತ್ತಿದ್ದರು. ನಮ್ಮ ತಂದೆ ಹಿಟ್ಟಿನ ಗಿರಣಿಯ ನಾಯಿಗೆ ಹೆದರಿ ಮನೆಗೆ ಸುತ್ತು ದಾರಿಯಲ್ಲಿ ಬರುತ್ತಿದ್ದರು. ಬಸ್ರಾದಲ್ಲಿ ಅವರು ಬಂದೂಕು ಹಿಡಿದದ್ದು ಫೋಟೋ ತೆಗೆಸಿಕೊಳ್ಳುವಾಗ. ಆ ಬಂದೂಕು ಕೂಡ ಫೋಟೋಗ್ರಾಫರನದು.

ನಾನು ಆಗ ಅಲ್ಲೇ ಮಿಡ್ಲ್ ಸ್ಕೂಲಿನಲ್ಲಿ ಚರಿತ್ರೆಯ ಮೇಷ್ಟ್ರು. ಸಭೆಯವರು ನನ್ನನ್ನು ಎಂದೂ ಏನೂ ಕೇಳಲಿಲ್ಲ. ಚರಿತ್ರೆ ಓದಿದವರು ಪಕ್ಷಪಾತಿಗಳು ಎಂಬುದು ಅವರ ನಂಬಿಕೆಯಾಗಿತ್ತು. ನಾನೂ ಹೇಳಲು ಹೋಗಲಿಲ್ಲ. ಇಂಥವರನ್ನು ತಿದ್ದುವುದಕ್ಕಿಂತ ಒಂದನೇ ತರಗತಿಯ ಮಕ್ಕಳಿಗೆ ಮೂಗು ಒರೆಸುವುದು ಘನಕಾರ್ಯ.

ಬ್ಯಾಬಿಲೋನು ಕಟ್ಟೆಯ ಮೇಲೆಯೇ ಇದ್ದಿದ್ದರೆ ನನ್ನದೇನೂ ಅಭ್ಯಂತರವಿರಲಿಲ್ಲ. ಅದು ನನ್ನ ಮದುವೆಗೆ ಅಡ್ಡ ಬಂತು.

ಇಲ್ಲಿ ನಮ್ಮ ಜನರ ಒಂದು ಪದ್ಧತಿಯನ್ನು ಹೇಳಬೇಕು. ಹೆಣ್ಣು ನೋಡಲು ಹೋದವರು ಆ ಮನೆಯಲ್ಲಿ ಸಿಹಿಯನ್ನು ಮಾತ್ರ ಮುಟ್ಟಬಹುದು: ಬಾಳೆಹಣ್ಣು, ಸಕ್ಕರೆ, ಒಂದು ಲೋಟ ಹಾಲು. ಉಪ್ಪು ಬಿದ್ದ ಪದಾರ್ಥ ನಾಲಿಗೆಗೆ ತಗುಲಿತೋ, ಸಂಬಂಧ ಒಪ್ಪಿದಂತೆ. ಉಂಡ ಮೇಲೆ ಒಲ್ಲೆ ಎಂದವರಿಗೆ ಆಮೇಲೆ ಯಾವ ಮನೆಯಲ್ಲೂ ಮಣೆ ಹಾಕುತ್ತಿರಲಿಲ್ಲ, ಹೆಣ್ಣು ಕೊಡುವುದಂತೂ ದೂರದ ಮಾತು. ಹಾಗಾಗಿ ಎಷ್ಟೇ ಹಸಿದಿದ್ದರೂ, ಅಡುಗೆಮನೆಯಿಂದ ಎಂಥ ಒಗ್ಗರಣೆಯ ವಾಸನೆ ಬಂದರೂ, ಗಂಡಿನ ಕಡೆಯವರು ಬಾಳೆಹಣ್ಣು ಸುಲಿಯುತ್ತ ಋಷಿಗಳಂತೆ ಕೂತಿರುತ್ತಿದ್ದರು.

ನನಗಾಗಿ ನೋಡಿದ ಮೊದಲ ಹೆಣ್ಣು ಸಂತೆಮರಹಳ್ಳಿಯದು. ಹಾಲು ಕುಡಿಯುತ್ತ ನಮ್ಮ ತಂದೆ ತಮ್ಮ ಪ್ರಶ್ನೆ ಎತ್ತಿದರು. ಹೆಣ್ಣಿನ ತಂದೆ ಪಾಪ, ಆನೆ ಇಲ್ಲದ ಸೈನ್ಯ ಎಂಥ ಸೈನ್ಯ ಎಂದುಬಿಟ್ಟರು. ಬ್ಯಾಬಿಲೋನಿನವರಿಗೆ ಆನೆ ಇರಲಿಲ್ಲವಾದ್ದರಿಂದ ನಮ್ಮ ತಂದೆ ಅರ್ಧ ಲೋಟ ಹಾಲು ಬಿಟ್ಟು ಎದ್ದರು. ಎರಡನೆಯ ಮನೆಯಲ್ಲಿ ಹೆಣ್ಣಿನ ಅಜ್ಜನಿಗೆ ಕಿವಿ ಕೇಳುತ್ತಿರಲಿಲ್ಲ; ಎಲ್ಲದಕ್ಕೂ ಹೂಂ ಎಂದರು. ಎದುರಾಳಿಯೇ ಇಲ್ಲದ ಮನೆಯಲ್ಲಿ ಬೀಗತನ ಹೇಗೆ ಎಂದು ನಮ್ಮ ತಂದೆ ಅಲ್ಲಿಂದಲೂ ಎದ್ದರು. ಅಷ್ಟರಲ್ಲಿ ಸುತ್ತಮುತ್ತ ನಮಗೆ "ಬ್ಯಾಬಿಲೋನ್ ಮನೆಯೋರು" ಎಂದು ಹೆಸರಾಗಿತ್ತು. ಹೆಣ್ಣು ಹೆತ್ತವರು ನಮ್ಮನ್ನು ಕಂಡರೆ ಬೇರೆ ಬಸ್ಸು ಹತ್ತುತ್ತಿದ್ದರು.

ಹೀಗಿರುವಾಗ ಒಂದು ದಿನ ಚಾಮರಾಜನಗರದಿಂದ ಸಂತೆಮರಹಳ್ಳಿಗೆ ಹೋಗುವ ಬಸ್ಸಿನಲ್ಲಿ ನಾನು ಒಬ್ಬಳನ್ನು ಕಂಡೆ. ಸಂತೆಯ ದಿನ, ಕಾಲಿಡಲು ಜಾಗವಿಲ್ಲ. ಒಬ್ಬ ಪಟೇಲರು ಸೀಟಿನ ಮೇಲೆ ಕೂತು, ಬಿಚ್ಚಿದ ಪೇಟವನ್ನು ಪಕ್ಕದ ಸೀಟಿನಲ್ಲಿ ಮಲಗಿಸಿದ್ದರು. ಆಕೆ ತಾಯಿಯನ್ನು ನಿಲ್ಲಿಸಿಕೊಂಡು ನಿಂತಿದ್ದಳು.

"ಸ್ವಾಮಿ, ನಿಮ್ಮ ಪೇಟಕ್ಕೂ ಟಿಕೀಟು ತಕಂಡಿದ್ದೀರಾ?"

"ಅದು ನನ್ನ ಮರ್ಯಾದಿ ಕಣಮ್ಮಿ. ತಲೆ ಮ್ಯಾಲಿರದು."

"ಮತ್ತೆ ತಲೆ ಮ್ಯಾಲೇ ಇಟ್ಕಳಿ. ಸೀಟಲ್ಲಿ ಯಾಕೆ ಮಲಗ್ಸಿದ್ದೀರಿ?"

ಬಸ್ಸೆಲ್ಲ ನಕ್ಕಿತು. ಪೇಟ ತಲೆಗೇರಿತು, ತಾಯಿ ಕೂತರು. ಇಷ್ಟು ಕಡಿಮೆ ಮಾತಿನಲ್ಲಿ ಗೆದ್ದ ವಾದವನ್ನು ನಾನು ಅದುವರೆಗೆ ಕೇಳಿರಲಿಲ್ಲ. ಇಳಿಯುವ ಹೊತ್ತಿಗೆ ನನಗೆ ಮದುವೆಯಾದರೆ ಇವಳನ್ನೇ ಎನ್ನಿಸಿಬಿಟ್ಟಿತ್ತು.

ಉಮ್ಮತ್ತೂರಿನ ನನ್ನ ಸೋದರಮಾವನಿಗೆ ಹೇಳಿ ವಿಚಾರಿಸಿದೆ. ಅವರು ಹಿರಿಯರು; ನಮ್ಮ ಕಡೆ ಶಾಸ್ತ್ರ ಸಂಪ್ರದಾಯದ ಮಾತು ಬಂದರೆ ಅವರದೇ ಕೊನೆಯ ಮಾತು. ವಾರದಲ್ಲಿ ಸುದ್ದಿ ತಂದರು. ಮುಖ ಸಪ್ಪಗಿತ್ತು.

"ಹೆಣ್ಣು ಚಾಮರಾಜನಗರದ್ದು. ತಂದೆ ಇಲ್ಲ. ಅಣ್ಣ ವಕೀಲ. ಮನೆತನ ಒಳ್ಳೇದು, ನಮ್ಮೋರೇ. ಆದ್ರೆ ಒಂದು ಅದೆ ಕಣಪ್ಪ."

"ಏನು ಮಾವ?"

"ಆ ವಕೀಲಂಗೆ ರೋಮು."

ರೋಮು ಎಂದರೆ ಕಾಯಿಲೆ ಎನ್ನುವ ಧಾಟಿಯಲ್ಲಿ ಹೇಳಿದರು, ತಪ್ಪೇನೂ ಹೇಳಲಿಲ್ಲ. ಆ ವಕೀಲರು ಮೈಸೂರಿನಲ್ಲಿ ಬಿ.ಎ. ಓದುವಾಗ ರೋಮಿನ ಚರಿತ್ರೆಯ ಒಂದು ಪುಸ್ತಕವನ್ನು ಅರ್ಧ ಓದಿದ್ದರಂತೆ. ಆ ಅರ್ಧದಲ್ಲಿ ರೋಮ್ ಇನ್ನೂ ಬಿದ್ದಿರಲಿಲ್ಲ. ಹಾಗಾಗಿ ಅವರ ಪಾಲಿಗೆ ಅದು ಎಂದೂ ಬೀಳಲಿಲ್ಲ. ಮುನ್ಸೀಫ್ ಕೋರ್ಟಿನಲ್ಲಿ ಬದುವಿನ ಜಗಳ, ತೆಂಗಿನಮರದ ಜಗಳ ನಡೆಸುತ್ತ, ಕಕ್ಷಿಗಾರರಿಗೆ ರೋಮನ್ ಶಿಸ್ತನ್ನು ಬೋಧಿಸುತ್ತಿದ್ದರು. ಸಿಡುಬಿನ ಚುಚ್ಚುಮದ್ದಿಗೆ ತೋಳು ಚಾಚಿ ಮೂರ್ಛೆ ಹೋದವರು ಇವರೇ.

"ಇದೂ ತಪ್ಪೋದ್ರೆ ಇನ್ನು ನಿಂಗೆ ಹೆಣ್ಣಿಲ್ಲ ಕಣ್ಲಾ," ಎಂದರು ಮಾವ. "ನಿಮ್ಮಪ್ಪನ ಬಾಯಿಗೆ ಬೀಗ ಹಾಕು."

ಬೀಗ ಹಾಕಿದ್ದು ನಮ್ಮ ತಾಯಿ. ಹೊರಡುವ ದಿನ ತಂದೆ ಲಿಂಗಪೂಜೆ ಮುಗಿಸಿ ಹಣೆಗೆ ವಿಭೂತಿ ಇಟ್ಟುಕೊಂಡು ಏಳುತ್ತಿದ್ದಂತೆ ಎದುರಿಗೆ ನಿಂತರು. "ವಿಭೂತಿ ಮುಟ್ಟಿ ಹೇಳಿ. ಅಲ್ಲಿ ಆ ದಿಬ್ಬದ ಮಾತು ಎತ್ತಲ್ಲ ಅಂತ. ಎತ್ತುದ್ರೆ ಮನೆಗೆ ಬರ್‌ಬ್ಯಾಡಿ, ಬಸ್ರಾಕ್ಕೇ ಓಗಿ." ತಂದೆ ಗಂಭೀರವಾಗಿ ಮುಟ್ಟಿದರು. ಅಡುಗೆ ಇನ್ನೂ ಆಗಿರಲಿಲ್ಲ; ಬಸ್ಸಿಗೆ ಹೊತ್ತಾಯಿತೆಂದು ತಂದೆ, ಮಾವ, ನಾನು ಮೂವರೂ ಬರಿಹೊಟ್ಟೆಯಲ್ಲೇ ಹೊರಟೆವು. ದಾರಿಯುದ್ದಕ್ಕೂ ತಂದೆ ತುಟಿ ಬಿಚ್ಚಲಿಲ್ಲ. ಒಳಗೆ ಒತ್ತಿಟ್ಟ ಸಾಮ್ರಾಜ್ಯಕ್ಕೆ ಅವರ ಮುಖ ಊದಿಕೊಂಡಿತ್ತು.

ವಕೀಲರ ಮನೆ ಅಚ್ಚುಕಟ್ಟಾಗಿತ್ತು. ಹಜಾರದಲ್ಲಿ ಚಾಪೆ, ಅದರಾಚೆ ಅಡುಗೆಮನೆಯ ಬಾಗಿಲು, ಬಾಗಿಲಲ್ಲಿ ವಕೀಲರ ತಾಯಿ. ಬಸ್ಸಿನಲ್ಲಿ ಕಂಡ ಆಕೆಯೇ ಒಳಗಿನಿಂದ ಬಂದು ಹಿತ್ತಾಳೆ ತಟ್ಟೆಗಳಲ್ಲಿ ಬಾಳೆಹಣ್ಣು, ಸಕ್ಕರೆ ಇಟ್ಟು, ಹಾಲಿಟ್ಟು, ನನ್ನನ್ನು ಒಮ್ಮೆ ನೇರವಾಗಿ ನೋಡಿ ಹೋದಳು. ಅಂಜಿಕೆಯ ನೋಟವಲ್ಲ, ಸಂತೆಯಲ್ಲಿ ಮಡಕೆ ತಟ್ಟಿ ನೋಡುವವರ ನೋಟ. ಮಳೆ, ರಾಗಿ, ರೇಷ್ಮೆಗೂಡು, ಎಲ್ಲ ಮಾತೂ ಸುಗಮವಾಗಿ ನಡೆದವು. ಇನ್ನೇನು ಮಾವ ಶಾಸ್ತ್ರದ ಮಾತು ತೆಗೆಯಬೇಕು, ಆಗ ತಂದೆಯ ಕಣ್ಣು ಗೋಡೆಗೆ ಬಿತ್ತು.

ಗೋಡೆಯ ಮೇಲೆ ಒಂದು ಗಿಡ್ಡ ಕತ್ತಿ ತೂಗುಹಾಕಿತ್ತು.

"ಅದೇನು?" ಎಂದರು. ವಿಭೂತಿ ಮುಟ್ಟಿ ಆಡಿದ ಮಾತಿನಲ್ಲಿ ಕತ್ತಿಯ ಪ್ರಸ್ತಾಪ ಇರಲಿಲ್ಲ.

ವಕೀಲರ ಮುಖ ಅರಳಿತು. "ರೋಮನ್ ಸೈನಿಕನ ಖಡ್ಗ ಸ್ವಾಮಿ. ನಾನೇ ನಕ್ಷೆ ಬರೆದು ಸಂತೆಮರಹಳ್ಳಿ ಕಮ್ಮಾರನ ಹತ್ತಿರ ಮಾಡಿಸಿದ್ದು."

ಆ ಖಡ್ಗದ ತುದಿಯಲ್ಲಿ ತೆಂಗಿನ ನಾರು ಅಂಟಿಕೊಂಡಿತ್ತು. ಮನೆಯ ಹೆಂಗಸರು ಅದರಿಂದ ಕಾಯಿ ಸುಲಿಯುತ್ತಿದ್ದರೆಂಬುದು ಎಂಥವನಿಗೂ ತಿಳಿಯುವಂತಿತ್ತು.

"ಮೋಟು," ಎಂದರು ತಂದೆ.

"ಮೋಟಲ್ಲ. ಹತ್ತಿರದಿಂದ ತಿವಿಯೋದಕ್ಕೆ."

"ಹತ್ರ ಬಂದ್ರೆ ತಾನೆ ತಿವ್ಯದು! ಬ್ಯಾಬಿಲೋನಿನೋರು ರಥದಲ್ಲಿ ಬಂದ್ರೆ ನಿಮ್ಮೋರು ಈ ಕುಡುಗೋಲು ಇಡ್ಕಂಡು ಹುಲ್ಲು ಕುಯ್ತಾ ನಿಂತಿರ್ತಾರಾ?"

ಸೋದರಮಾವ ಕಣ್ಣು ಮುಚ್ಚಿಕೊಂಡರು. ನಾನು ಬಾಳೆಹಣ್ಣನ್ನು ನೋಡುತ್ತ ಕೂತೆ.

ಆಮೇಲೆ ನಡೆದದ್ದನ್ನು ವಾದವೆಂದು ಕರೆದರೆ ವಾದಕ್ಕೆ ಅವಮಾನ. ರೋಮಿನವರು ಆ ನಾಡಿನ ಕಡೆ ಕಾಲಿಡುವ ಹೊತ್ತಿಗೆ ಬ್ಯಾಬಿಲೋನು ನಮ್ಮ ತಂದೆ ಕಂಡ ಸ್ಥಿತಿಗೆ ಹೆಚ್ಚು ಕಡಿಮೆ ಬಂದಾಗಿತ್ತು. ಇವರಿಬ್ಬರ ಸೈನಿಕರು ಒಬ್ಬರ ಮುಖ ಒಬ್ಬರು ಕಂಡವರಲ್ಲ. ಆ ಸಣ್ಣ ಅಡಚಣೆ ಇಬ್ಬರನ್ನೂ ಬಾಧಿಸಲಿಲ್ಲ. ವಕೀಲರು ರೋಮಿನವರು ಗುರಾಣಿಗಳನ್ನು ತಲೆಯ ಮೇಲೆ ಜೋಡಿಸಿಕೊಂಡು ಆಮೆಯಂತೆ ಮುಂದುವರಿಯುವುದನ್ನು ವರ್ಣಿಸಿದರು. ವರ್ಣನೆ ಸಾಲದೆಂದು ಪ್ರಾತ್ಯಕ್ಷಿಕೆಗೆ ಇಳಿದರು. ಹಿತ್ತಾಳೆ ತಟ್ಟೆಗಳನ್ನು ಖಾಲಿ ಮಾಡಿ ಒಂದನ್ನು ಮಾವನ ತಲೆಯ ಮೇಲೆ, ಒಂದನ್ನು ನನ್ನ ತಲೆಯ ಮೇಲೆ ಇಟ್ಟು, ಇಬ್ಬರನ್ನೂ ಹಜಾರದ ನಡುವೆ ಒತ್ತಾಗಿ ನಿಲ್ಲಿಸಿದರು. ಹೆಣ್ಣು ನೋಡಲು ಬಂದ ವರ ತಟ್ಟೆ ಹೊತ್ತು ನಿಂತಿದ್ದಾನೆ. ಅಡುಗೆಮನೆಯ ಬಾಗಿಲಲ್ಲಿ ಹೆಣ್ಣು ನೋಡುತ್ತಿದ್ದಾಳೆ.

"ಈಗ ಬಾಣ ಬಿಡಿ ಸ್ವಾಮಿ, ನೋಡೋಣ!"

ನಮ್ಮ ತಂದೆ ಬಾಳೆಹಣ್ಣು ಎಸೆದರು. ಅದು ತಟ್ಟೆಯನ್ನು ತಪ್ಪಿಸಿ ನನ್ನ ಕಿವಿಯ ಬುಡಕ್ಕೆ ಬಡಿಯಿತು.

"ಬಿದ್ದ! ನಿಮ್ಮ ರೋಮಿನೋನು ಬಿದ್ದ!"

"ಬೀಳಲಿಲ್ಲ! ನಿಂತೇ ಇದ್ದಾನೆ! ಅದೇ ರೋಮನ್ ಶಿಸ್ತು!"

ಇನ್ನೊಂದು ಬಾಳೆಹಣ್ಣು ಮಾವನ ಎದೆಗೆ ಬಿತ್ತು. ಮಾವ ತಟ್ಟೆ ಕೆಳಗಿಳಿಸಿ, ವಾತಾವರಣ ತಿಳಿಯಾಗಲೆಂದು ಹೇಳಿದರೋ ಏನೋ, "ಅಲ್ರಪ್ಪ, ನಮ್ಮ ಉಮ್ಮತ್ತೂರು ಪಾಳೇಗಾರ್ರು ಏನು ಕಮ್ಮಿ ಇದ್ರಾ? ಆ ಕಾಲದಲ್ಲಿ..." ಎಂದು ತೊಡಗಿದರು.

"ನಾಗರಿಕತೆ ವಿಷಯ ಮಾತಾಡ್ತಾ ಇದೀವಿ ಸ್ವಾಮಿ, ತಾಲ್ಲೂಕಿನ ವಿಷಯ ಅಲ್ಲ," ಎಂದರು ವಕೀಲರು.

"ಸುಮ್ನಿರು ಭಾವ. ದೊಡ್ಡೋರ ಮಾತಲ್ಲಿ ಉಮ್ಮತ್ತೂರು ಯಾಕೆ ತರ್ತೀಯ?" ಎಂದರು ನಮ್ಮ ತಂದೆ.

ಆ ದಿನ ಅವರಿಬ್ಬರೂ ಕೈಜೋಡಿಸಿ ಮಾಡಿದ ಮೊದಲ ಕೆಲಸ ಇದು. ಮಾವ ತಟ್ಟೆಯನ್ನು ಒರೆಸಿ ಚಾಪೆಯ ಮೇಲಿಟ್ಟು, ಗೋಡೆಗೆ ಒರಗಿ ಕೂತರು. ಮತ್ತೆ ಕಣ್ಣು ಮುಚ್ಚಿಕೊಂಡರು. ನಾನೂ ತಟ್ಟೆ ಇಳಿಸಿ ಅವರ ಪಕ್ಕ ಕೂತೆ.

ವಕೀಲರು ಕೊನೆಯ ಅಸ್ತ್ರ ತೆಗೆದರು. "ನಿಮ್ಮ ಬ್ಯಾಬಿಲೋನನ್ನ ಪರ್ಶಿಯದವರು ಹೇಗೆ ಹಿಡಿದರು ಹೇಳಿ? ಊರ ನಡುವೆ ಹರಿಯೋ ನದೀನ ಪಕ್ಕಕ್ಕೆ ತಿರುಗಿಸಿ, ಬತ್ತಿದ ಪಾತ್ರದಲ್ಲಿ ನಡಕೊಂಡು ಒಳಗೆ ಬಂದರು. ನಿಮ್ಮ ಶ್ರೇಷ್ಠ ಸೈನಿಕರು ಕುಡಿದು ಮಲಗಿದ್ದರು. ಪರ್ಶಿಯದವರೇ ಇಷ್ಟು ಮಾಡಿದರೆ ರೋಮಿನವರು ಎಷ್ಟು ಮಾಡುತ್ತಿದ್ದರು?"

ತಂದೆ ಅರ್ಧ ಎದ್ದು ನಿಂತರು. "ಮಲ್ಗಿದ್ರಾ? ನೀವು ನೋಡಿದ್ರಾ? ನಾನು ನೋಡಿವ್ನಿ!"

"ಏನು ನೋಡಿದ್ದೀರಿ?"

"ಜಾಗ! ಅಲ್ಲಿ ನದಿ ತಿರುಗ್ಸಕ್ಕೆ ಆಯ್ತದಾ? ಸಾಬೀತು ಮಾಡಿ. ಆಗ್ನಿಲ್ಲ ಅಂದ್ರೆ ನಿಮ್ಮ ಮನೆ ಹೆಣ್ಣು ನಮಗೆ ಬ್ಯಾಡ!"

"ಮಾಡ್ತೀನಿ. ಮಾಡಿದ ಮೇಲೂ ನೀವು ಒಪ್ಪದೆ ಹೋದರೆ, ನಿಮ್ಮ ಮನೆಗೆ ನಮ್ಮ ಹೆಣ್ಣು ಕೊಡಲ್ಲ!"

ನಾನು ಲೆಕ್ಕ ಹಾಕಿದೆ. ಸಾಬೀತಾಗದಿದ್ದರೆ ತಂದೆ ಬೇಡವೆನ್ನುತ್ತಾರೆ. ಸಾಬೀತಾದರೆ ತಂದೆ ಒಪ್ಪುವವರಲ್ಲ, ವಕೀಲರು ಕೊಡುವವರಲ್ಲ. ಎಲ್ಲಿಂದ ಎಲ್ಲಿಗೆ ಹರಿದರೂ ಬ್ಯಾಬಿಲೋನಿನ ಆ ಯೂಫ್ರಟೀಸ್ ನದಿ ನನ್ನ ಮದುವೆಯನ್ನು ಕೊಚ್ಚಿಕೊಂಡೇ ಹೋಗುವಂತಿತ್ತು. ಬಾಗಿಲ ಕಡೆ ನೋಡಿದೆ. ಆಕೆ ಅಲ್ಲೇ ನಿಂತಿದ್ದಳು. ಎರಡೂ ಶಪಥಗಳು ಅವಳಿಗೆ ಕೇಳಿಸಿದ್ದವು.

ವಕೀಲರು ಸಕ್ಕರೆಯಿಂದ ಕೋಟೆ ಕಟ್ಟಿ ಲೋಟದಿಂದ ಹಾಲಿನ ನದಿ ಹರಿಸಿದರು. ಕೋಟೆ ಕರಗಿತು.

"ಬ್ಯಾಬಿಲೋನ್ನ ಸಕ್ಕರೇಲಿ ಕಟ್ಟಿರ್ನಿಲ್ಲ!" ಎಂದು ತಂದೆ ಅಬ್ಬರಿಸಿದರು.

"ಯಾರಮ್ಮ ಒಳಗೆ?" ವಕೀಲರು ಅಡುಗೆಮನೆಯ ಕಡೆ ಕೂಗಿದರು. "ಗಟ್ಟಿಯಾಗಿ ನಿಲ್ಲೋದು ಏನಾದ್ರೂ ತನ್ನಿ!"

ಬಾಗಿಲಲ್ಲಿದ್ದ ಆಕೆ ಒಳಗೆ ಸರಿದಳು. ಆಮೇಲೆ ಆಕೆಯ ದನಿ ಬಂತು. "ಮುದ್ದೆ ಅದೆ ಕಣಣ್ಣ. ಈಗ ಕಟ್ಟಿದ್ದು."

"ತಗೊಂಡು ಬಾ. ನದಿಗೆ ನೀರೂ ಬೇಕು."

"ನೀರು ಕಣ್ಣಿಗೆ ಕಾಣಕ್ಕಿಲ್ಲ. ಉಪ್ಸಾರು ತರ್ಲಾ?"

"ತಾ, ತಾ, ಬೇಗ!"

ಮಾವನ ಕಣ್ಣು ತೆರೆಯಿತು. ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಹೆಣ್ಣು ನೋಡುವ ಮನೆಯಲ್ಲಿ ಏನು ಬರಬಾರದೋ ಅದು ಬರುತ್ತಿತ್ತು, ಹೆಣ್ಣಿನ ಅಣ್ಣನೇ ಕೂಗಿ ತರಿಸಿಕೊಳ್ಳುತ್ತಿದ್ದ. ನಾವಿಬ್ಬರೂ ಗೋಡೆಯ ಮೇಲಿನ ಖಡ್ಗವನ್ನು ಶ್ರದ್ಧೆಯಿಂದ ನೋಡತೊಡಗಿದೆವು.

ಆಕೆ ಬಂದಳು. ತಂದೆಯವರ ಮುಂದೆ ಬಾಳೆಲೆ ಹಾಸಿದಳು. ಎಲೆಗೆ ನೀರು ಚಿಮುಕಿಸಿ ಒರೆಸಿದಳು. ಹೊಗೆಯಾಡುವ ರಾಗಿಮುದ್ದೆ ಇಟ್ಟಳು. ಅದರ ಸುತ್ತ ಸೊಪ್ಪು ಕಾಳು ಬೇಯಿಸಿ ಬಸಿದ ಉಪ್ಸಾರನ್ನು ಎರೆದಳು. ಎಲೆಯ ಮೂಲೆಯಲ್ಲಿ ಮೆಣಸು ಬೆಳ್ಳುಳ್ಳಿ ಅರೆದ ಖಾರವನ್ನು ಇಟ್ಟಳು.

"ನಕ್ಷೆಗೆ ಖಾರ ಯಾಕೆ?" ಎಂದರು ವಕೀಲರು.

"ಕಾವಲ್ಗಾರ್ರು," ಎಂದು ಹೇಳಿ ಬಾಗಿಲಿಗೆ ಹೋಗಿ ನಿಂತಳು.

ವಕೀಲರು ಯೂಫ್ರಟೀಸಿಗೆ ಪಾತ್ರ ಮಾಡಲು ಮುದ್ದೆಯ ನಡುವೆ ಬೆರಳು ಹಾಯಿಸಿದರು. ಬಿಸಿಮುದ್ದೆಯಲ್ಲಿ ಬೆರಳಿಟ್ಟವರಿಗೆ ಏನಾಗುತ್ತದೆಂದು ರೋಮಿನ ಪುಸ್ತಕದ ಮೊದಲರ್ಧದಲ್ಲಿ ಇರಲಿಲ್ಲವೆಂದು ತೋರುತ್ತದೆ. ಬೆರಳು ಬಾಯಿಗಿಟ್ಟು ಊದಿಕೊಂಡರು. ಆ ಯುದ್ಧದಲ್ಲಿ ಗಾಯಗೊಂಡವರು ಅವರೊಬ್ಬರೇ. ಆದರೂ ಎದೆಗುಂದದೆ ಎಡಗೈಯಿಂದ ಪಾತ್ರ ತೋಡಿದರು, ಬಾಳೆಹಣ್ಣಿನ ಸಿಪ್ಪೆಯಿಂದ ಕಟ್ಟೆ ಹಾಕಿದರು, ನದಿಯನ್ನು ಎಲೆಯ ಅಂಚಿಗೆ ತಿರುಗಿಸಿದರು.

"ನೋಡಿ, ನದಿ ಬತ್ತಿತು. ಈಗ ಸೈನ್ಯ ಬರ್ತಾ ಇದೆ." ಎರಡು ಬೆರಳುಗಳು ಪಾತ್ರದೊಳಗೆ ಹೆಜ್ಜೆ ಹಾಕಿದವು. "ಪೂರ್ವದ ಬಾಗಿಲು. ತೆರೆದೇ ಇದೆ. ಕಾವಲಿನವನು ಮಲಗಿದ್ದಾನೆ. ಇನ್ನೇನು ಒಳಗೆ..."

"ನಿಲ್ಲಿ!" ಎಂದರು ನಮ್ಮ ತಂದೆ. "ಬಾಗ್ಲು ಮುಚ್ತೀನಿ!"

ಮುಚ್ಚಲು ಮುದ್ದೆಯ ಪೂರ್ವಭಾಗದಿಂದ ಒಂದು ತುತ್ತಿನಷ್ಟು ಮುರಿದರು. ಬೆರಳುಗಳಲ್ಲಿ ಹೊರಳಿಸಿ ಉಂಡೆ ಮಾಡಿದರು. ನದಿಯನ್ನು ತಡೆಯಲೆಂದು ಸಾರಿನಲ್ಲಿ ಅದ್ದಿದರು. ಅಲ್ಲಿಯವರೆಗೆ ಅದು ಸೈನಿಕ ಕಾರ್ಯಾಚರಣೆಯೇ ಆಗಿತ್ತು, ನಾನು ಒಪ್ಪುತ್ತೇನೆ. ಆದರೆ ಮುದ್ದೆ ಮುರಿದು, ಉರುಳಿಸಿ, ಸಾರಿಗೆ ಅದ್ದಿದ ನಮ್ಮ ಕಡೆಯವರ ಕೈಗೆ ಅಲ್ಲಿಂದ ಮುಂದಕ್ಕೆ ಗೊತ್ತಿರುವುದು ಒಂದೇ ದಾರಿ. ಅದು ಯಜಮಾನ ಬ್ಯಾಬಿಲೋನಿನಲ್ಲಿದ್ದಾನೋ ಗುಂಡ್ಲುಪೇಟೆಯಲ್ಲಿದ್ದಾನೋ ಎಂದು ಕೇಳುವುದಿಲ್ಲ. ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಕೈ ಮೇಲೆ ಹೋಯಿತು. ಬಾಯಿ ತೆರೆಯಿತು. ಮುದ್ದೆಯನ್ನು ನಾವು ಅಗಿಯುವುದಿಲ್ಲ, ನುಂಗುತ್ತೇವೆ, ಯೋಚನೆಗೆ ಅವಕಾಶವಿರಲಿಲ್ಲ. ಬ್ಯಾಬಿಲೋನಿನ ಪೂರ್ವದ ಬಾಗಿಲು ನಮ್ಮ ತಂದೆಯವರ ಗಂಟಲಲ್ಲಿ ಇಳಿಯಿತು.

"ಓಯ್ತು," ಎಂದರು ಸೋದರಮಾವ, ಮೆಲ್ಲಗೆ.

ಬಾಗಿಲಲ್ಲಿದ್ದ ವಕೀಲರ ತಾಯಿ ಎರಡೂ ಕೈ ಎತ್ತಿದರು. "ಉಂಡ್ರು! ಬೀಗ್ರು ಉಂಡ್ರು! ಎಲೆ ಅಡ್ಕೆ ತತ್ತಾ ಕಣಮ್ಮಿ!"

ತಂದೆ ತಮ್ಮ ಕೈಯನ್ನು ಬೇರೆ ಯಾರದೋ ಕೈಯೆಂಬಂತೆ ನೋಡುತ್ತಿದ್ದರು. "ಉಂಡಿದ್ದಲ್ಲ! ಇದು... ಇದು ಯುದ್ಧ!"

"ಅಮ್ಮ, ಸ್ವಲ್ಪ ತಡಿ," ಎಂದು ವಕೀಲರು ಎದ್ದರು. ಸುಟ್ಟ ಬೆರಳನ್ನು ಮೇಲೆತ್ತಿ ಕೋರ್ಟಿನ ದನಿ ತೆಗೆದರು. "ಉದ್ದೇಶ ನೋಡಬೇಕು. ಉಣ್ಣುವ ಉದ್ದೇಶ ಅವರಿಗಿರಲಿಲ್ಲ. ಬಡಿಸುವ ಉದ್ದೇಶ ನಮಗಿರಲಿಲ್ಲ. ಆ ಕ್ಷಣದಲ್ಲಿ ಸದರಿ ಮುದ್ದೆ ಆಹಾರವಾಗಿರಲಿಲ್ಲ, ಕೋಟೆಯಾಗಿತ್ತು."

"ಸರ್ಯಾಗ್ ಯೋಳಿದ್ರಿ ವಕೀಲ್ರೇ!" ಎಂದರು ತಂದೆ. ಅಷ್ಟು ಹೊತ್ತು ಪರಸ್ಪರರ ಸಾಮ್ರಾಜ್ಯಗಳನ್ನು ಸುಟ್ಟವರು ನನ್ನ ಮದುವೆ ಮುರಿಯಲು ಹೆಗಲಿಗೆ ಹೆಗಲು ಕೊಟ್ಟು ನಿಂತರು. ಶಪಥ ಮಾಡಿಯಾಗಿತ್ತಲ್ಲ, ಮಗ ಕೆಟ್ಟರೂ ತಂಗಿ ಕೆಟ್ಟರೂ ಶಪಥ ಕೆಡಬಾರದು. ಅಂಥ ಒಗ್ಗಟ್ಟನ್ನು ನಾನು ಚರಿತ್ರೆಯಲ್ಲೂ ಓದಿಲ್ಲ.

ಆಗ ಸೋದರಮಾವ ಗೋಡೆ ಬಿಟ್ಟು ಮುಂದೆ ಸರಿದು ಕೂತರು.

"ಶಾಸ್ತ್ರದ ಮಾತು ಬಂತು. ನನ್ನ ಕೇಳಿ. ಎಲೆ ಹಾಕಿದ್ರಾ?"

"ಹಾಕಿದ್ರು," ಎಂದೆ ನಾನು. ಅಂದು ನಾನಾಡಿದ ಮೊದಲ ಮಾತು.

"ಎಲೆಗೆ ನೀರು ಚಿಮುಕ್ಸಿದ್ರಾ?"

"ಚಿಮುಕಿಸಿದ್ರು."

"ಭಾವ, ನೀನು ಯೋಳು. ಸತ್ಯ ಯೋಳು, ಹಣೇಲಿ ವಿಭೂತಿ ಅದೆ. ಸಾರಲ್ಲಿ ಉಪ್ಪು ಇತ್ತಾ?"

ಇಲ್ಲಿ ನಮ್ಮ ತಂದೆ ಇಲ್ಲ ಎಂದುಬಿಡಬಹುದಿತ್ತು. ಆದರೆ ಉಗ್ರಾಣದಲ್ಲಿ ಎಷ್ಟೋ ವರ್ಷ ಕೂತು ಬಂದ ಸರಕಿಗೆಲ್ಲ ಕೊಂಕು ತೆಗೆದು ಅಭ್ಯಾಸವಾದ ನಾಲಿಗೆ ಅದು.

"ಒಸಿ ಜಾಸ್ತೀನೇ ಆಗಿತ್ತು," ಎಂದರು.

"ಮುಗೀತು," ಎಂದರು ಮಾವ. "ಉಪ್ಪು ಉಂಡಾಯ್ತು. ಇನ್ನು ಇಲ್ಲ ಅಂದ್ರೆ ನಿನಗೂ ಮಣೆ ಇಲ್ಲ, ವಕೀಲ್ರಿಗೂ ಇಲ್ಲ. ಎಲೆ ಅಡ್ಕೆ ಇಡಿ." ವಕೀಲರು ಬಾಯಿ ತೆರೆದರು. ಮಾವ ಕೈಯೆತ್ತಿ ತಡೆದರು. "ಸ್ವಾಮಿ, ಇದು ನಾಗರಿಕತೆ ವಿಷಯ ಅಲ್ಲ. ಬರೀ ತಾಲ್ಲೂಕಿನ ವಿಷಯ. ನಿಮ್ಮಂಥ ದೊಡ್ಡೋರು ಇದರಲ್ಲಿ ಬರಬಾರ್ದು."

ಉಮ್ಮತ್ತೂರು ಪಾಳೇಗಾರರ ಮಾತನ್ನು ಅವರು ಮತ್ತೆ ಎತ್ತಲಿಲ್ಲ, ಎತ್ತುವ ಅಗತ್ಯವಿರಲಿಲ್ಲ.

ಎಲೆ ಅಡಿಕೆ ಬಂತು. ಒಂದು ತುತ್ತು ಹೋದ ಮೇಲೆ ಮಿಕ್ಕದ್ದನ್ನು ಆರಲು ಬಿಡುವುದು ನಮ್ಮ ಮನೆತನದಲ್ಲಿ ಇಲ್ಲವಾದ್ದರಿಂದ, ತಂದೆ ಉಳಿದ ಬ್ಯಾಬಿಲೋನನ್ನೂ ಗೋಡೆ ಗೋಪುರ ಸಹಿತ ಮುಗಿಸಿದರು. ಇನ್ನೊಂದು ಮುದ್ದೆ ಹಾಕಿಸಿಕೊಂಡರು. ವಕೀಲರು ಎಡಗೈಯಲ್ಲಿ ಉಣ್ಣುವಂತಿಲ್ಲದೆ, ಬಲಗೈ ಬೆರಳು ಬೊಬ್ಬೆ ಬಂದು, ತಾಯಿಯಿಂದ ಚಮಚ ತರಿಸಿಕೊಂಡು ಉಂಡರು. ಎದುರುಬದುರು ಕೂತು ಇಬ್ಬರೂ ಖಾರವನ್ನು ಹೊಗಳಿದರು.

ಮದುವೆ ಅದೇ ಬೇಸಿಗೆಯಲ್ಲಿ ನಡೆಯಿತು. ಹೊಸದರಲ್ಲಿ ಒಂದು ದಿನ ನಾನು ಹೆಂಡತಿಯನ್ನು ಕೇಳಿದೆ: "ಅವತ್ತು ಸಾರಿಗೆ ಅಷ್ಟು ಉಪ್ಪು ಯಾಕೆ ಬಿತ್ತು?"

"ಬೀಳ್ನಿಲ್ಲ. ಹಾಕ್ದೆ. ತರೋವಾಗ ಇನ್ನೊಂದು ಹಿಡಿ ಹಾಕ್ದೆ. ನಿಮ್ಮಪ್ಪನೋರು ಆಮ್ಯಾಕೆ ಉಪ್ಪೇ ಇರ್ನಿಲ್ಲ ಅಂದ್ಬುಟ್ಟಿದ್ರೆ?"

ಪುರಾತನ ಕಾಲದಲ್ಲಿ ಯಾವ ಸೇನಾಪತಿ ಇಷ್ಟು ಮುಂದಾಲೋಚನೆ ಮಾಡಿದ್ದನೋ ನನಗೆ ತಿಳಿಯದು. ಮಾಡಿದ್ದರೆ ಬ್ಯಾಬಿಲೋನು ದಿಬ್ಬವಾಗುತ್ತಿರಲಿಲ್ಲ.

"ಅಷ್ಟೊಂದು ಇಷ್ಟವಾಗಿದ್ದೆನೇ ನಾನು?"

"ತಲೆ ಮ್ಯಾಲೆ ತಟ್ಟೆ ಹೊತ್ಕಂಡು ನಿಂತಿದ್ರಲ್ಲ, ಬಾಳೆಹಣ್ಣು ಬಂದು ಬಡುದ್ರೂ ಪಿಟ್ಟನ್ನಿಲ್ಲ. ನಮ್ಮಣ್ಣನ ಮನೇಲಿ ರೋಮು ಕೇಳಿ ಕೇಳಿ ಕಿವಿ ಹೊಟ್ಟಾಗಿತ್ತು. ಬಾಯಿ ಮುಚ್ಕಂಡಿರೋ ಗಂಡ್ಸು ಒಬ್ಬ ಸಿಕ್ಕಿದ್ನಲ್ಲ, ಬುಡ್ಬಾರ್ದು ಅನ್ನಿಸ್ತು."

"ನಮ್ಮಪ್ಪನ ಬ್ಯಾಬಿಲೋನು?"

"ಮುದ್ದೆ ನನ್ನ ಕೈಲಿ ಇರ್ತದಲ್ಲ. ನೋಡ್ಕಳನ ಅಂದ್ಕಂಡೆ."

ನೋಡಿಕೊಂಡಳು. ವಕೀಲರು ಬಸ್ಸಿಳಿದು ಮನೆಗೆ ಬಂದಾಗಲೆಲ್ಲ ಇಬ್ಬರೂ ಜಗಲಿಯಲ್ಲಿ ಕೂತು ರಥ, ಗುರಾಣಿ, ನದಿ ಎಂದು ಶುರುಮಾಡುತ್ತಿದ್ದರು. ಅವರ ದನಿ ಏರಿದಷ್ಟೂ ಒಳಗೆ ಒಲೆಯ ಉರಿ ಇಳಿಯುತ್ತಿತ್ತು. ಎರಡು ಸಾಮ್ರಾಜ್ಯಗಳೂ ಹಸಿದು ಸುಮ್ಮನಾದ ಮೇಲೆ ಎಲೆ ಬೀಳುತ್ತಿತ್ತು. ವಕೀಲರು ಅಂದಿನ ಪ್ರಾತ್ಯಕ್ಷಿಕೆಯಲ್ಲಿ ಬ್ಯಾಬಿಲೋನು ಬಿತ್ತೆಂದೇ ಕೊನೆಯವರೆಗೆ ಸಾಧಿಸಿದರು. ನಮ್ಮ ತಂದೆ ಒಪ್ಪಲಿಲ್ಲ.

"ಬೀಳ್ನಿಲ್ಲ," ಎನ್ನುತ್ತಿದ್ದರು, ಸಾರಿನ ಕೈಯನ್ನು ಮೇಲೆತ್ತಿ. "ಶತ್ರು ಬಾಗ್ಲಿಗೆ ಬಂದಿದ್ದ, ನಿಜ. ಒಳೀಕ್ ಬುಡ್ನಿಲ್ಲ. ನಾನೇ ಉಂಡ್ಬುಟ್ಟೆ."

"ಉಪ್ಪು ಸರ್ಯಾಗದಾ ಮಾವ?" ಎಂದು ನನ್ನ ಹೆಂಡತಿ ಒಳಗಿನಿಂದ ಕೇಳುತ್ತಿದ್ದಳು.

"ಒಸಿ ಜಾಸ್ತಿ ಕಣಮ್ಮಿ," ಎನ್ನುತ್ತಿದ್ದರು ನಮ್ಮ ತಂದೆ, ಇನ್ನೊಂದು ತುತ್ತು ಮುರಿಯುತ್ತ.